ಗೌರಕ್ಕನ ಮೆಣಸಿನಕಾಯಿ ಹಿಮಾಲಯ

ಸೀರೆಯ ಮೇಲೆ ದಪ್ಪ ಜಾಕೆಟ್ಟು, ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ, ಕಾಲಿಗೆ ಬೆಟ್ಟ ಹತ್ತುವ ಬೂಟು. ಹೊರಗೆ ಹುಬ್ಬಳ್ಳಿಯ ಬಿಸಿಲು ಚುರುಗುಟ್ಟುತ್ತಿದ್ದರೆ ಗೌರಕ್ಕ ಈ ವೇಷದಲ್ಲಿ ತಾರಿಹಾಳದ ಕೋಲ್ಡ್ ಸ್ಟೋರೇಜಿನೊಳಗೆ, ಬ್ಯಾಡಗಿ ಮೆಣಸಿನಕಾಯಿ ಚೀಲಗಳ ನಡುವೆ ಡೇರೆ ಹಾಕಿಕೊಂಡು ಕೂತಿರುತ್ತಿದ್ದರು. ಧಾರವಾಡದಲ್ಲಿ ಹಿಮ ಎಲ್ಲಿಂದ ತರಬೇಕು? ಇರುವ ಥಂಡಿ ಇದೊಂದೇ ಎಂದು ಅವರು ಅದನ್ನೇ ಹಿಮಾಲಯ ಮಾಡಿಕೊಂಡಿದ್ದರು. ಒಳಗೆ ಹೋದವರಿಗೆ ನಡುಕವೂ ಸೀನೂ ಒಟ್ಟಿಗೇ ಬರುತ್ತಿದ್ದವು. ಸೀನಿದರೆ ಬೈಗುಳ ತಪ್ಪುತ್ತಿರಲಿಲ್ಲ.

“ಮ್ಯಾಲ ಗಾಳಿ ಬಿಟ್ಟಾಗ ಹಿಂಗ ಸೀನ್ಕೋತ ಕುಂದರತಿಯೇನು? ಮೊದಲ ಆ ಡೇರೆ ಕೋಲು ಹಿಡಿ!”

ಆ ಕೋಲ್ಡ್ ಸ್ಟೋರೇಜು ಅವರ ಮನೆತನದ್ದೇ. ತಂದೆಯ ಕಾಲದಿಂದ ಮೆಣಸಿನಕಾಯಿ ವ್ಯಾಪಾರ. ತಂದೆ ಹೋದ ಮೇಲೆ ಪೇಟೆಯ ವ್ಯವಹಾರವನ್ನು ತಮ್ಮ ಮಲ್ಲಣ್ಣ ನೋಡಿಕೊಂಡರೆ ಗೋದಾಮಿನ ಜವಾಬ್ದಾರಿ ಗೌರಕ್ಕನದು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಧಾರವಾಡದ ನಮ್ಮ ಮಾಳಮಡ್ಡಿಯಲ್ಲಿ ಯಾರಿಗೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಕೇದಾರಕ್ಕೆ ಯಾತ್ರೆ ಹೋಗಿ, ಗುಡಿಗಿಂತ ಹೆಚ್ಚು ಹೊತ್ತು ಗುಡಿಯ ಹಿಂದಿನ ಬೆಟ್ಟವನ್ನೇ ನೋಡಿ ಬಂದರಂತೆ. ಮರುವರ್ಷ ತರಬೇತಿಗೆ ಸೇರಿದರು. ಆಮೇಲೆ ಪ್ರತಿ ವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ, ಚಳಿಗಾಲ ಮುಗಿಯುವುದಕ್ಕೆ ಮುಂಚೆ, ನಾಲ್ಕು ಮಂದಿಯ ತಂಡ ಕಟ್ಟಿಕೊಂಡು ಉತ್ತರದ ಹಿಮದಲ್ಲಿ ಡೇರೆ ಹಾಕಲು ಹೊರಡುತ್ತಿದ್ದರು.

ನಾನು ಅವರ ಪಕ್ಕದ ಗಲ್ಲಿಯವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ಅನುಭವವೆಂದರೆ ಮಳೆಗಾಲದಲ್ಲಿ ಸಹ್ಯಾದ್ರಿಯ ಒಂದೆರಡು ಕೋಟೆ ಹತ್ತಿದ್ದು, ನೃಪತುಂಗ ಬೆಟ್ಟದ ಮೇಲೆ ನಿಂತು ಫೋಟೊ ತೆಗೆಸಿಕೊಂಡದ್ದು. ಅಷ್ಟಕ್ಕೇ ನನ್ನನ್ನು ನಾನು ಬೆಟ್ಟ ಹತ್ತುವವಳು ಎಂದುಕೊಂಡಿದ್ದೆ. ಹಿಮದಲ್ಲಿ ಮಲಗಬೇಕು, ಬೆಳಿಗ್ಗೆ ಎದ್ದು ಆ ಬಿಳಿ ತುದಿಯ ಕಡೆ ನಡೆಯಬೇಕು ಎಂಬುದೊಂದೇ ಆಸೆ. ಅದಕ್ಕಾಗಿ ಗೌರಕ್ಕನ ಕಾಲು ಹಿಡಿಯಲೂ ಸಿದ್ಧಳಿದ್ದೆ. ಅವರು ಕಾಲಿನವರೆಗೂ ಬಿಡಲಿಲ್ಲ, ಮೊದಲು ಚೀಲ ತೋರಿಸು ಎಂದರು.

ನಾನು ಕಟ್ಟಿಕೊಂಡು ಹೋದ ಚೀಲವನ್ನು ಅವರ ಪಡಸಾಲೆಯಲ್ಲಿ ಸುರುವಿದರು. ಎರಡು ಸ್ವೆಟರ್ ನೋಡಿ “ಇಷ್ಟ?” ಎಂದರು. ಶಿವರಾತ್ರಿ ಹತ್ತಿರ ಬಂತಲ್ಲ, ಇನ್ನೆಂಥ ಚಳಿ ಎಂದೆ. ಶಿವರಾತ್ರಿಗೆ ಚಳಿ ಕಾಲು ಕೀಳುತ್ತದೆ ಎಂಬುದು ನಮ್ಮ ಕಡೆಯ ಹಳೆಯ ಲೆಕ್ಕ. ನಮ್ಮ ಮನೆಯಲ್ಲಿ ಆ ಹಬ್ಬ ಮುಗಿದ ಮರುದಿನವೇ ಕಂಬಳಿ ಒಗೆಯಲು ಹಾಕುತ್ತಾರೆ.

“ಶಿವ ಇರೂದ ಅಲ್ಲಿ. ಅಂವಗ ಶಿವರಾತ್ರಿ ಅಂದ್ರ ಚಳಿ ಹೋಗಂಗಿಲ್ಲ, ನಿನಗ್ಯಾಕ ಹೋಗತೈತಿ?” ಎಂದು ಗದರಿಸಿ, ನನ್ನ ಹತ್ತಿ ಬಟ್ಟೆಗಳನ್ನೆಲ್ಲ ಒಂದು ಕಡೆ ಎಸೆದರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಪಾಸಾದವು. ಎಸೆದ ಬಟ್ಟೆಗಳಲ್ಲಿ ನನ್ನ ಅಪ್ಪ ಕೊಟ್ಟ ಗರಗದ ಖಾದಿ ಚಾದರವೂ ಇತ್ತು. ಅಪ್ಪ ಖಾದಿಗೆ ಹೆಸರಾದ ಆ ಗರಗದವರು, ಖಾದಿಯ ವಿಷಯದಲ್ಲಿ ಒಂದು ಮಾತು ಕೇಳುವವರಲ್ಲ. “ಬೆವರು ಕುಡದು ಹಸಿ ಆತಂದ್ರ ಹಿಮದಾಗ ಹತ್ತಿಯಷ್ಟು ವೈರಿ ಯಾವುದೂ ಇಲ್ಲ. ನಿಮ್ಮಪ್ಪಗ ನಾ ಹೇಳ್ತೇನಿ ತಗೋ,” ಎಂದರು. ಹೇಳಿಯೂ ಬಿಟ್ಟರು. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಬೈದವರು ಯಾರೋ, ಮಾತು ಬಿಟ್ಟದ್ದು ಯಾರ ಜೊತೆಗೋ.

ಆದರೂ ಹೊಸ ಬಟ್ಟೆ ಹೊಂದಿಸಿಕೊಂಡೆ. ದಿನಾ ಬೆಳಿಗ್ಗೆ ಬೆನ್ನ ಮೇಲೆ ಜೋಳದ ಚೀಲ ಹೊತ್ತು ಮಾಳಮಡ್ಡಿಯಿಂದ ಕಾಲೇಜಿನ ಗುಡ್ಡದವರೆಗೆ ನಡೆದೆ. ನನ್ನ ವಿದ್ಯಾರ್ಥಿಗಳು “ಮ್ಯಾಡಮ್, ಗಿರಣಿ ಈ ಕಡೆ ಇಲ್ರಿ,” ಎಂದು ಹಾಸ್ಯ ಮಾಡಿದರೂ ಸಹಿಸಿಕೊಂಡೆ. ಕಡೆಗೆ ಉಳಿದದ್ದು ತಾರಿಹಾಳದ ಪರೀಕ್ಷೆ. ಕೈಗವಸು ಬಿಚ್ಚದೆ ಡೇರೆ ನಿಲ್ಲಿಸಬೇಕು, ಒಲೆ ಜೋಡಿಸಬೇಕು, ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಬೇಕು. ತಂಡದ ಉಳಿದಿಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ ದೇಸಾಯರು ಮತ್ತು ಎಂಜಿನಿಯರ್ ಕುಲಕರ್ಣಿ, ಚೀಲಗಳಿಗೆ ಆತು ನಿಂತು ನೋಡುತ್ತಿದ್ದರು. ಡೇರೆ ನಿಂತಿತು. ಒಲೆಯೂ ಕೂತಿತು. ಲಾಡಿಗೆ ಬರುವ ಹೊತ್ತಿಗೆ ಗೌರಕ್ಕ ಬಾಗಿ ಕೇಳಿದರು.

“ವಿದ್ಯಾ, ಹೆಂಗದಿ?”

“ಆರಾಮ ಅದೇನ್ರಿ ಅಕ್ಕಾರ.”

ಅವರು ನನ್ನ ಕೈಗವಸು ಎಳೆದರು. ಬೆರಳು ಬಿಳಿಚಿಕೊಂಡಿದ್ದವು. ಒಂದು ಬೆರಳನ್ನು ಉಗುರಿನಿಂದ ಒತ್ತಿ “ಇದು ಗೊತ್ತಾಗತೈತಿ?” ಎಂದರು. ಗೊತ್ತಾಗಲಿಲ್ಲ.

“ಈ ವರ್ಷ ನೀ ಬರೂದಿಲ್ಲ. ಬೆರಳಿಗೆ ಥಂಡಿ ಹತ್ತಿದ್ದಕ್ಕಲ್ಲ, ಆರಾಮ ಅಂದಿಯಲ್ಲ, ಅದಕ್ಕ. ಸುಳ್ಳು ಹೇಳಾಕಿ ಕೂಡ ನಾ ಒಂದ ಡೇರೆದಾಗ ಮಲಗಂಗಿಲ್ಲ.”

ನನ್ನ ಪಿತ್ತ ನೆತ್ತಿಗೇರಿತು. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಸುಳ್ಳಂತೆ! ನಮ್ಮ ಊರಲ್ಲಿ ಹೆಂಗದಿ ಎಂದು ಕೇಳಿದರೆ ಇನ್ನೇನು ಹೇಳುತ್ತಾರೆ? ಜ್ವರ ಬಂದು ಮಲಗಿದವರೂ ಆರಾಮ ಎನ್ನುತ್ತಾರೆ, ಅದಾದ ಮೇಲೆ ಜ್ವರದ ಸುದ್ದಿ ತೆಗೆಯುತ್ತಾರೆ. ಕೇಳಿದವರ ಮುಖಕ್ಕೆ ನಮ್ಮ ತಾಪತ್ರಯ ರಾಚಬಾರದು ಎಂದು ಅವ್ವ ಕಲಿಸಿದ ಮರ್ಯಾದೆ ಅದು. ಹಿರಿಯರು ಕೇಳಿದಾಗ ಮರ್ಯಾದೆಯಿಂದ ಉತ್ತರಿಸಿದ್ದಕ್ಕೆ ಸುಳ್ಳುಗಾತಿ ಎಂಬ ಪಟ್ಟ, ಅದೂ ಇಬ್ಬರು ಗಂಡಸರ ಎದುರಿಗೆ. ಆ ವರ್ಷ ಅವರು ಮೂವರೇ ಹೋದರು. ನಾನು ಅವರ ಮನೆಯ ಮುಂದೆ ಹಾಯುವುದನ್ನೇ ಬಿಟ್ಟು, ಸುತ್ತಿ ಬಳಸಿ ಕಾಲೇಜಿಗೆ ಹೋದೆ.

ಗೌರಕ್ಕನೇ ಬಂದರು. ಒಂದು ಮುಂಜಾನೆ ನಮ್ಮ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದು, ಕ್ಷಮೆ ಗಿಮೆ ಏನೂ ಕೇಳದೆ ಹೇಳಿದರು. “ನೋಡವಾ, ಇಲ್ಲಿ ಆರಾಮ ಅಂದ್ರ ಬಾಜೂ ಮನಿಯವರು ಬಂದು ನೋಡ್ತಾರ. ಅಲ್ಲಿ ನಿನ್ನ ಒಳಗ ಏನಾಗೇತಿ ಅನ್ನೂದು ನೀ ಹೇಳಿದ್ರಷ್ಟ ನನಗ ಗೊತ್ತು. ನೀ ಮುಚ್ಚಿಟ್ಟಿ ಅಂದ್ರ ನಾಲ್ಕೂ ಮಂದಿ ಸಾಯೂದು. ನಾಳಿಂದ ಬಾ.” ಸಿಟ್ಟು ಇಳಿಯಲಿಲ್ಲ, ಆದರೆ ಹೋದೆ. ವರ್ಷವಿಡೀ ಅವರು ಕೇಳುತ್ತಿದ್ದರು, ನಾನು ಮಂಡಿ ನೋವು, ಹೊಟ್ಟೆ ಉಬ್ಬರ, ಬೇಸರ, ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಬೇಕೆಂದೇ ಒಂದಿಷ್ಟು ಹೆಚ್ಚು ಸೇರಿಸಿಯೂ ಹೇಳುತ್ತಿದ್ದೆ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಮರುವರ್ಷ ಹೊರಟೆವು. ಹಿಮದಲ್ಲಿ ಎರಡನೆಯ ಡೇರೆಯ ಜಾಗಕ್ಕೆ ಮುಟ್ಟಿದಾಗ ತುದಿ ಕಣ್ಣೆದುರಿಗೇ ಇತ್ತು. ಬೆಳಗ್ಗೆ ಎದ್ದರೆ ನನಗೆ ತಲೆ ಸಿಡಿಯುತ್ತಿದೆ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಎರಡು ವರ್ಷದ ಆಸೆ ಅಲ್ಲೇ ಹೊಳೆಯುತ್ತಿತ್ತು. ಗೌರಕ್ಕ ಎಲ್ಲರಿಗಿಂತ ಮೊದಲು ನನ್ನನ್ನೇ ಕೇಳಿದರು. ಒಂದು ಗಳಿಗೆ ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಆರಾಮ ಇಲ್ರಿ. ನನ್ನ ಕಡಿಂದ ಆಗೂದಿಲ್ಲ,” ಎಂದೆ.

“ಡೇರೆ ಬಿಚ್ಚರಿ,” ಎಂದರು ಗೌರಕ್ಕ.

ಕುಲಕರ್ಣಿ ಕುದ್ದು ಹೋದ. “ಒಬ್ಬಾಕಿ ಸಲುವಾಗಿ ಎಲ್ಲಾರೂ ಇಳಿಯೂದೇನ್ರಿ? ಇನ್ನ ಎರಡ ತಾಸಿನ ಹಾದಿ. ಈಕಿ ಇಲ್ಲೇ ಇರಲಿ.” ನನಗೂ ಹಾಗೇ ಅನಿಸಿತ್ತು. ಗೌರಕ್ಕ ಹಗ್ಗ ಸುತ್ತತೊಡಗಿದರು.

ಇಳಿಯುತ್ತ ಹೋದಂತೆ ನನ್ನ ತಲೆ ಹಗುರಾಯಿತು. ಆದರೆ ಗೌರಕ್ಕ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲತೊಡಗಿದರು. ಕೊನೆಗೆ ಒಂದು ಬಂಡೆಯ ಮೇಲೆ ಕೂತೇಬಿಟ್ಟರು. ತುಟಿ ನೀಲಿಗಟ್ಟಿತ್ತು. ದೇಸಾಯರು ಗಾಬರಿಯಾಗಿ ಏನಾಯಿತೆಂದು ಕೇಳಿದರೆ “ಆರಾಮ ಅದೇನಿ, ನಡೀರಿ,” ಎಂದರು. ಹೊತ್ತುಕೊಂಡೇ ಕೆಳಗಿನ ಹಳ್ಳಿಯ ದವಾಖಾನೆಗೆ ಇಳಿಸಿದೆವು. ಎದೆನೋವು ಹಿಂದಿನ ಸಂಜೆಯಿಂದಲೇ ಇದೆ ಎಂಬುದನ್ನು ಅಲ್ಲಿನ ಡಾಕ್ಟರು ಅವರ ಬಾಯಿಂದ ಹೊರಡಿಸಿದರು. ನಾನು ಆ ಬೆಳಿಗ್ಗೆ ಆಗುವುದಿಲ್ಲ ಎನ್ನದಿದ್ದರೆ ಇವರು ಎದೆ ಹಿಡಿದುಕೊಂಡೇ ಮೇಲೆ ಹತ್ತುತ್ತಿದ್ದರು!

ಜೀವಮಾನದಲ್ಲಿ ಅಷ್ಟು ಸಿಟ್ಟು ನನಗೆ ಬಂದದ್ದಿಲ್ಲ. ಹಿರಿಯರು, ರೋಗಿ, ಗುರು ಎಂದು ಏನೂ ನೋಡಲಿಲ್ಲ. “ನಿಮಗೊಂದು ಕಾಯ್ದೆ, ನಮಗೊಂದು ಕಾಯ್ದೆ ಏನ್ರಿ? ನನಗ ಸುಳ್ಳುಗಾತಿ ಅಂದಿದ್ರಿ. ಇಬ್ಬರ ಮುಂದ ಮಾನ ಕಳದಿದ್ರಿ. ಒಂದ ವರ್ಷ ಮನ್ಯಾಗ ಕುಂದರಿಸಿದ್ರಿ. ಈಗ ನೀವ ಮಾಡಿದ್ದೇನು? ಸಾಯ್ತಿದ್ರೆಲ್ಲಾ!” ಎಂದು ಕೂಗಾಡಿದೆ. ನರ್ಸು ಬಾಗಿಲಿಗೆ ಬಂದು ನಿಂತಳು. ಗೌರಕ್ಕ ಹೊದಿಕೆಯ ಅಂಚು ಹಿಡಿದುಕೊಂಡು, ಬೈಸಿಕೊಳ್ಳುವ ಸಾಲಿ ಹುಡುಗಿಯಂತೆ ಕೇಳಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

“ಮ್ಯಾಲ ನನಗ ಕೇಳಾವರು ಯಾರೂ ಇದ್ದಿಲ್ಲವಾ. ನಾ ಎಲ್ಲಾರಿಗೂ ಕೇಳಾಕಿ.”

ಧಾರವಾಡಕ್ಕೆ ಬಂದ ಮೇಲೆ ಔಷಧ, ಪಥ್ಯ, ಎಲ್ಲ ಶುರುವಾಯಿತು. ಇನ್ನು ಬೆಟ್ಟದ ಹೆಸರು ಎತ್ತುವಂತಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಾನು ಸಂಜೆ ಕಾಲೇಜು ಮುಗಿಸಿ ಅವರ ಮನೆಗೆ ಹೋಗಿ, ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹೆಂಗದೀರಿ ಎಂದು ಕೇಳುತ್ತಿದ್ದೆ. ಅವರು ಹೇಳುತ್ತಿದ್ದರು. ಏನನ್ನೂ ಬಿಡುತ್ತಿರಲಿಲ್ಲ. “ಮಲಗಿದ್ರ ಎದಿ ಮ್ಯಾಲ ಚೀಲ ಇಟ್ಟಂಗಾಗತೈತಿ.” “ಬಚ್ಚಲದಾಗ ಒಬ್ಬಾಕಿನ ಹೋಗಾಕ ಅಂಜಿಕಿ.” “ನಿನ್ನೆ ಅತ್ತಬಿಟ್ಟೆವಾ, ಯಾಕಂತ ಗೊತ್ತಿಲ್ಲ.” ಮೆಣಸಿನಕಾಯಿ ಗೋದಾಮಿನಲ್ಲಿ ಗಂಡಸರನ್ನು ನಡುಗಿಸಿದ ಹೆಂಗಸು ಹೀಗೆ ಹೇಳುವುದನ್ನು ಕೇಳುವುದು ಸುಲಭವಿರಲಿಲ್ಲ. ಎಷ್ಟೋ ಸಂಜೆ, ಇವರು ಒಮ್ಮೆ ಆರಾಮ ಎಂದುಬಿಟ್ಟರೆ ನಾನು ನಿಶ್ಚಿಂತೆಯಿಂದ ಮನೆಗೆ ಹೋದೇನು ಎಂದುಕೊಂಡದ್ದೂ ಉಂಟು. ಅವರು ಅನ್ನಲಿಲ್ಲ. ನಾನೂ ಕುರ್ಚಿ ಬಿಟ್ಟು ಏಳಲಿಲ್ಲ.

ಮಲ್ಲಣ್ಣ ಕಾಕಾ ಅಂಗಡಿಗೆ ಹೊರಡುವಾಗ, ಅಂಗಡಿಯಿಂದ ಬಂದಾಗ ಬಾಗಿಲಲ್ಲಿ ನಿಂತು “ಅಕ್ಕಾ, ಆರಾಮ ಅದಿ ಹೌದಿಲ್ಲೋ?” ಎನ್ನುತ್ತಿದ್ದರು. “ಹೂಂ, ಆರಾಮ,” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅವರು ಚಪ್ಪಲಿ ಬಿಡುವಷ್ಟರಲ್ಲಿ ವಿಚಾರಣೆ ಮುಗಿದಿರುತ್ತಿತ್ತು. ಕೆಟ್ಟವರಲ್ಲ. ಅಕ್ಕನ ಔಷಧಕ್ಕೆ ಒಂದು ದಿನವೂ ಕೊರತೆ ಮಾಡಿದವರಲ್ಲ. ಆದರೂ ಆ ಪ್ರಶ್ನೆ ಕೇಳಿದಾಗಲೆಲ್ಲ ನಾನು ಹಲ್ಲು ಕಡಿಯುತ್ತಿದ್ದೆ.

ಈ ಸಲದ ಚಳಿ ಮುಗಿಯುವ ಮೊದಲೇ ಗೌರಕ್ಕ ಹೋದರು. ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಹೂಮಾಲೆ ಹಾಕಿದ ಫೋಟೊದ ಮುಂದೆ ಒಬ್ಬೊಬ್ಬರೇ ಎದ್ದು ಮಾತಾಡಿದರು. ಕುಲಕರ್ಣಿ ಎದ್ದು, ಅಂಜಿಕೆ ಎಂದರೇನೆಂದು ಅರಿಯದ ಧೀರೆ ಎಂದ. ದೇಸಾಯರು ಹೌದೆಂದು ಕಣ್ಣೊರೆಸಿಕೊಂಡರು. ಕೊನೆಗೆ ಮಲ್ಲಣ್ಣ ಕಾಕಾ ಎದ್ದರು.

“ನಮ್ಮಕ್ಕ ಭಾಳ ಆರಾಮ ಹೋದ್ಲರಿ. ಒಂದಿನಾ ನೋವು ಅನ್ನಲಿಲ್ಲ. ಕಡೀತನಕ ಆರಾಮ ಇದ್ಲು.”

ಎಲ್ಲರೂ ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ. ಆ ಮಂಚದ ಮೇಲೆ ಅವರು ಒಂದೊಂದಾಗಿ ಹೇಳಿದ್ದನ್ನೆಲ್ಲ ಈ ಮಂದಿ ಒಂದೇ ಮಾತಿನಲ್ಲಿ ಅಳಿಸಿಬಿಟ್ಟಿದ್ದರು. ಎದ್ದು ನಿಂತೆ.

“ಇಲ್ರೀ ಕಾಕಾ. ಆರಾಮ ಇರಲಿಲ್ಲ ಅವರು. ಭಾಳ ನೋವಿತ್ತು. ಭಾಳ ಅಂಜತಿದ್ರು.”

ಪಕ್ಕದಲ್ಲಿದ್ದ ಅಜ್ಜಿ ನನ್ನ ಸೆರಗು ಹಿಡಿದು ಎಳೆದರು. ಕುಲಕರ್ಣಿ ಇದೇನು ಹುಚ್ಚು ಎಂಬಂತೆ ನೋಡಿದ. ಮಲ್ಲಣ್ಣ ಕಾಕಾ ಮಾತ್ರ ನಿಂತಲ್ಲೇ ಇದ್ದರು.

“ನಿನಗ ಹೇಳ್ತಿದ್ಲು?”

“ಹೂಂರಿ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀವು ಆರಾಮ ಅದಿ ಹೌದಿಲ್ಲೋ ಅಂತ ಕೇಳ್ತಿದ್ರಿ ಕಾಕಾ. ಅದಕ್ಕ ಬ್ಯಾರೆ ಏನ ಹೇಳ್ಬೇಕಿತ್ತು ಅವರು?”

ಆಡಬಾರದಿತ್ತು ಎಂದು ಆಮೇಲೆ ಹಲವರು ನನಗೆ ಬುದ್ಧಿ ಹೇಳಿದರು. ಹೇಳಲಿ. ಒಳಗೆ ಪಂಕ್ತಿಗೆ ಎಲೆ ಹಾಕಿದ್ದರು, ಜನ ಎದ್ದು ಹೋಗತೊಡಗಿದರು. ನೆಂಟರು ಬಂದು ಕರೆದರೂ ಮಲ್ಲಣ್ಣ ಕಾಕಾ ಕದಲಲಿಲ್ಲ. ಗೋಡೆಗೆ ಒರಗಿಸಿದ್ದ ಎರಡು ಕುರ್ಚಿ ತಂದು, ಒಂದನ್ನು ನನ್ನ ಮುಂದಿಟ್ಟು, ಇನ್ನೊಂದರಲ್ಲಿ ತಾವು ಕೂತರು.

“ಏನೇನ ಹೇಳ್ತಿದ್ಲು, ಹೇಳು,” ಎಂದರು.

ನಾನು ಕೂತು ಹೇಳತೊಡಗಿದೆ. ಬಚ್ಚಲಿನ ಅಂಜಿಕೆಯನ್ನೂ ಬಿಡಲಿಲ್ಲ.