ಕಬ್ಬಿಣದವ್ವನ ಹೊಟ್ಟೆಯ ಸುಣ್ಣದ ಗೆರೆ

ವಾಡಿಯಲ್ಲಿ ರೈಲು ಹಳಿಯ ಆಚೆ ಇರುವ ಗುಜರಿ ಅಂಗಳದಲ್ಲಿ ಬಷೀರಾ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾಳೆ. ಅವಳ ಹತ್ತಿರ ಇರುವ ಸಾಮಾನು ಎರಡೇ, ಒಂದು ಸಣ್ಣ ಸುತ್ತಿಗೆ ಮತ್ತು ಒಂದು ಡಬ್ಬಿ ಸುಣ್ಣ. ಬಾಯಿ ಮುಚ್ಚಿದ ಟಾಂಕಿಯೋ ಪೀಪಾಯಿಯೋ ಬಂದರೆ ಮೊದಲು ಬಡಿದು ನೋಡುತ್ತಾಳೆ. ಆಮೇಲೆ ನೀರು ಸುರಿಸುತ್ತ ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ತೂತು ಹಾಕಿಸುತ್ತಾಳೆ. ಒಳಗಿನ ಗಾಳಿ ಪೂರ್ತಿ ಹೋಯಿತೆಂದು ಖಾತ್ರಿಯಾದ ಮೇಲೆ ಬೆರಳಿನಿಂದ ಸುತ್ತಲೂ ಸುಣ್ಣದ ಗೆರೆ ಎಳೆಯುತ್ತಾಳೆ. ಗೆರೆ ಇಲ್ಲದ್ದಕ್ಕೆ ಯಾರೂ ಬೆಂಕಿ ಮುಟ್ಟಿಸುವುದಿಲ್ಲ. ಗೆರೆ ಇದ್ದರೆ ಯಾರೂ ಮತ್ತೊಂದು ಮಾತು ಕೇಳುವುದಿಲ್ಲ.

ಗಂಡ ಹಾಜಿಮಲಂಗ್ ಅದೇ ಅಂಗಳದಲ್ಲಿ ಗ್ಯಾಸ್ ಕಟರ್ ಹಿಡಿಯುತ್ತಿದ್ದ. ಖಾಲಿ ಎಂದುಕೊಂಡು ಕೊಯ್ದ ಒಂದು ಪೀಪಾಯಿ ಸಿಡಿದು ಸತ್ತ. ಬುತ್ತಿ ಹಿಡಿದು ಹತ್ತು ಮಾರು ದೂರ ನಿಂತಿದ್ದ ಬಷೀರಾಳಿಗೆ ಅಂದಿನಿಂದ ಎಡಗಿವಿ ಕೇಳುವುದಿಲ್ಲ. ಪಕ್ಕದ ಮನೆಯವಳಾದ ನಾನು ಅವಳ ಜೊತೆ ನಡೆಯುವಾಗ ಯಾವಾಗಲೂ ಬಲಕ್ಕೇ ಇರುತ್ತೇನೆ.

ಸಂಕ್ರಾಂತಿ ಮುಗಿದು ಮೂರನೆಯ ದಿನ ನಾನು ಲಿಂಗಪೂಜೆ ಮುಗಿಸಿ ವಿಭೂತಿ ಎತ್ತಿಡುತ್ತಿದ್ದೆ. ಬಷೀರಾ ಬಂದು ಹೊಸ್ತಿಲ ಹೊರಗೆ ಕೂತಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಜಗದೇವಿ ಅಕ್ಕಾ, ಶಹಾಬಾದಕ್ಕ ಬರ್ತೀರೇನ್ರಿ? ಕಬ್ಬಿಣದವ್ವನ ನೋಡ್ಕೊಂಡ ಬರಮು."

"ಊರs ನೋಡಿ ಬಂದಾಗ ನೀ ಒಲ್ಲೆ ಅಂದಿದ್ದಿ. ಇವತ್ತೇನು?"

"ಇವತ್ತ ಆಕಿಗಿ ಸೀರಿ ಉಡಸ್ತಾರಂತ."

ಕಬ್ಬಿಣದವ್ವ ಎಂದರೆ ಶಹಾಬಾದಿನ ಹೊರಗೆ ರಸ್ತೆ ಕೂಡುವಲ್ಲಿ ನಿಲ್ಲಿಸಿದ ಮೂರ್ತಿ. ತಲೆಯ ಮೇಲೆ ನೆಲಕ್ಕೆ ಹಾಸುವ ಫರಸಿಗಲ್ಲು ಹೊತ್ತ ಖಣಿಯ ಹೆಂಗಸು. ಮೂರಾಳೆತ್ತರದ ಆ ಮೈಯೆಲ್ಲ ಗುಜರಿಯದೇ. ಕೂದಲು ಹರಿದ ಸರಪಳಿ, ಕಣ್ಣು ಸವೆದ ಬೇರಿಂಗು, ಹೊಟ್ಟೆ ಒಂದು ಗುಂಡನೆಯ ಟಾಂಕಿ. ನಿಂತ ದಿನದಿಂದ ಜಗಳ. ಮೈ ಮುಚ್ಚಿಲ್ಲ, ಹೆಂಗಸರ ಮಾನ ಕಳೆದರು ಎಂದು ಕೆಲವರು. ಮುಖ ಮಾರಿಯ ಹಾಗಿದೆ, ದಕ್ಷಿಣಕ್ಕೆ ನೋಡುತ್ತಾಳೆ, ಊರಿಗೆ ಕೇಡು ಎಂದು ಇನ್ನು ಕೆಲವರು. ಮಧ್ಯಾಹ್ನ ಆಕೆ ನರಳುತ್ತಾಳೆ ಎಂದು ಎಲ್ಲರೂ. ಕೊನೆಗೆ ಮೂರ್ತಿ ಸಮಿತಿಯವರು ರಾಜಿ ಮಾಡಿಕೊಂಡು, ಎದೆಯಿಂದ ಹೊಟ್ಟೆಯವರೆಗೆ ತಗಡಿನ ಸೆರಗು ಬೆಸೆಯಲು ಒಪ್ಪಿದ್ದರು.

ಆಟೋದಲ್ಲಿ ಕೂತ ಮೇಲೆ ಬಷೀರಾ ಬಾಯಿ ಬಿಟ್ಟಳು.

"ಹೋದ ಅಲಾಯಿ ಹಬ್ಬದಾಗ ಮೂರ್ತಿ ಮಾಡವರು ಅಂಗಳಕ್ಕ ಬಂದಿದ್ರು ಅಕ್ಕಾ. ನಮ್ಮಲ್ಲಿ ನಿಮಗ ಗೊತ್ತs ಅದ."

ಗೊತ್ತಿತ್ತು. ಮೊಹರಮ್ಮಿನಲ್ಲಿ ಲೋಹದ ಹಸ್ತದ ಪಂಜಾ ಕೂಡಿಸಿದ ದಿನದಿಂದ ಹೊಳೆಗೆ ಕಳಿಸುವವರೆಗೆ ಆ ಅಂಗಳದಲ್ಲಿ ಯಾರೂ ಕಬ್ಬಿಣ ಬಡಿಯುವುದಿಲ್ಲ, ಕೊರೆಯುವುದಿಲ್ಲ. ದೇವರು ಲೋಹವಾಗಿ ಕುಂತಾಗ ಲೋಹಕ್ಕೆ ಪೆಟ್ಟು ಕೊಡಬಾರದು ಎಂದು. ಮಾಲೀಕ ಶಂಕರಲಿಂಗನೂ ಅದನ್ನು ತಪ್ಪದೆ ನಡೆಸುತ್ತಾನೆ.

"ಮೂರು ಟಾಂಕಿ ಆರಿಸಿದ್ರು. ಬಡೀಲಿಕ್ಕ ಬರಲ್ಲ, ತೂತ ಹಾಕ್ಲಿಕ್ಕ ಬರಲ್ಲ. ಬೆರಳಲೆ ತಟ್ಟಿ ನೋಡ್ದೆ, ಖಾಲಿ ಅನಸ್ತು. ಹಬ್ಬ ಮುಗಿದ ಮ್ಯಾಲ ಒಯ್ತಾರ, ಅಷ್ಟರಾಗ ತೂತ ಹಾಕಿದರಾಯ್ತು ಅಂತ ಮೊದಲs ಸುಣ್ಣ ಹಚ್ಚಿಬಿಟ್ಟೆ. ಅವತ್ತs ಸಂಜೀಕ ಲಾರಿ ಬಂತು, ತೂತ ಹಾಕದs ಒಯ್ದುಬಿಟ್ರು. ನಾ ಪಂಜಾದ ಮುಂದ ಕುಂತಿದ್ದೆ."

"ಅವಾಗs ಹೇಳಬೇಕಿತ್ತಲ್ಲ?"

"ಹೇಳಬೇಕಿತ್ತು. ಹೊಟ್ಟಿಗಿ ಪಟ್ಟಿ ಬಿಗಿದು ಬೋಲ್ಟ್ ಹಾಕ್ಯಾರ, ಬೆಂಕಿ ಮುಟ್ಟಿಸಿಲ್ಲ ಅಂತ ಕೇಳ್ದೆ. ಸುಮ್ಮನಾದೆ. ಗೆರಿ ಸುಳ್ಳ ಅಂತ ಗೊತ್ತಾದ್ರ ನನ್ನ ಯಾರು ಇಟ್ಕೋತಾರ? ಇವತ್ತ ಆ ಹೊಟ್ಟಿಗೇ ಬೆಂಕಿ ಹಿಡಿತಾರ ಅಕ್ಕಾ."

ನಾವು ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೂರ್ತಿಯ ಪಾದದ ಹತ್ತಿರ ಕೊಯ್ದ ಲಿಂಬೆಹಣ್ಣು ಒಣಗಿ ಬಿದ್ದಿದ್ದವು. ಸುತ್ತ ಐವತ್ತು ಅರವತ್ತು ಮಂದಿ, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಅದು ಕೇಳಿತು. ಮೇಲಿನಿಂದ, ಬಿಕ್ಕಿದಂತೆ ಒಂದು ಸಣ್ಣ ಸಪ್ಪಳ, ನಿಂತು ಮತ್ತೊಂದು. ಕಾದ ತಗಡು ಹಿಗ್ಗುವ ಸದ್ದೇ ಇರಬೇಕು. ಆದರೂ ನನ್ನ ಕೈ ಕೊರಳಿನ ಲಿಂಗದ ಕಡೆಗೆ ಹೋಯಿತು.

ಕಟ್ಟಿದ ಬಿದಿರಿನ ಅಟ್ಟಣಿಗೆಯ ಮೇಲೆ ವೆಲ್ಡಿಂಗ್ ಮಾಡುವ ರೇವಣಸಿದ್ದ ತಗಡು ಆನಿಸಿ ನಿಂತಿದ್ದ. ಬಷೀರಾ ನೇರ ಏಣಿಯ ಬುಡಕ್ಕೆ ನಡೆದಳು. ಸಮಿತಿಯ ಅಶೋಕಕುಮಾರ ಅಡ್ಡ ಬಂದ.

"ಯಾವ ಕಡೆಯಾಕಿ ನೀ? ಸೀರಿ ಬ್ಯಾಡ ಅನ್ನೋರ ಕಡೆಯಾಕೇನು, ಮೂರ್ತಿನೇ ಬ್ಯಾಡ ಅನ್ನೋರ ಕಡೆಯಾಕೇನು?"

"ನಾ ಗುಜರಿ ಕಡೆಯಾಕಿ ಸಾಹೇಬ್ರ. ಆ ಹೊಟ್ಟಿಗಿ ಬೆಂಕಿ ಹಚ್ಚಬ್ಯಾಡ್ರಿ. ಅದರಾಗ ಏನದ ಅಂತ ನೋಡಿಲ್ಲ."

"ನಿನ್ನೆ ಒಬ್ಬಾಂವ ಅದರಾಗ ದೆವ್ವ ಅದ ಅಂದ. ಇವತ್ತ ನೀ ಬಂದಿ. ನಾಳೆ ಯಾರ ಬರ್ತಾರಂತ ಪಾಳಿ ಹಚ್ಚಿ ಹೇಳ್ರಿ, ನಾ ಕುರ್ಚಿ ಹಾಕಸ್ತೀನಿ."

ಯಾರೋ ನಕ್ಕರು. ರೇವಣಸಿದ್ದ ಮೇಲಿನಿಂದಲೇ ಬಗ್ಗಿ ನೋಡಿ ಗುರುತು ಹಿಡಿದ.

"ಬಷೀರಾ ಆಪಾ, ಅಂಜಬ್ಯಾಡ್ರಿ. ಬಣ್ಣದ ಕೆಳಗ ನಿಮ್ಮ ಗೆರಿ ಕಾಣ್ತದ. ಈ ಗೆರಿ ನೋಡೇ ಇಷ್ಟು ವರ್ಷ ಬದಕೀನಿ ನಾ."

"ಆ ಗೆರಿ ಸುಳ್ಳದ, ರೇವಣಸಿದ್ದ."

ಅವನು ಅದನ್ನು ನಂಬಲಿಲ್ಲ. ಅಶೋಕಕುಮಾರ ಕೈ ಬೀಸಿದ. ರೇವಣಸಿದ್ದ ಮುಖಕ್ಕೆ ಕಪ್ಪು ಗಾಜು ಇಳಿಸಿಕೊಂಡ. ಆಗ ಬಷೀರಾ ಸೆರಗು ಸೊಂಟಕ್ಕೆ ಸಿಗಿಸಿ ಏಣಿ ಹತ್ತಿದಳು. ಐವತ್ತೆಂಟರ ಹೆಂಗಸು. ಯಾರೂ ತಡೆಯುವ ಮೊದಲೇ ಟಾಂಕಿಗೆ ಬೆನ್ನು ಕೊಟ್ಟು ನಿಂತಳು.

"ಹಚ್ಚೋದಿದ್ರ ನನ್ನ ಕೂಡೆ ಹಚ್ಚು. ನಿಮ್ಮ ಹಾಜಿಮಲಂಗ್ ಕಾಕಾ ಹೆಂಗ ಹೋದ ನೀ ನೋಡೀದಿ. ನೀರ್ ತಾ, ಕೈಬೈರಿಗಿ ತಾ. ತೂತ ಹಾಕಿ ನೋಡು. ಏನೂ ಇಲ್ಲಂದ್ರ ನಾನs ಈ ತಗಡ ಹಿಡಿದ ನಿಂದರ್ತೀನಿ."

ರೇವಣಸಿದ್ದ ಗಾಜು ಎತ್ತಿದ. ಆಮೇಲೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ನೀರು, ಕೈಬೈರಿಗೆ ತರಿಸಿದ.

ಬೈರಿಗೆ ತಿರುಗುತ್ತಿದ್ದಷ್ಟು ಹೊತ್ತು ಬಷೀರಾ ಚೆಂಬಿನಿಂದ ನೀರು ಬಿಡುತ್ತಿದ್ದಳು. ನೀರು ಕಬ್ಬಿಣದವ್ವನ ತೊಡೆಯ ಮೇಲಿಂದ ತುಕ್ಕಿನ ಕೆಂಪಾಗಿ ಇಳಿದು ಲಿಂಬೆಹಣ್ಣು ತೋಯಿಸಿತು. ನಾನು ಪಂಚಾಕ್ಷರಿ ಎಣಿಸತೊಡಗಿದೆ, ಎಲ್ಲಿಗೋ ಬಂದು ಲೆಕ್ಕ ತಪ್ಪಿತು. ಒಮ್ಮೆಲೇ ಬುಸ್ ಎಂದಿತು. ಬಿಡದೆ, ಉಸಿರು ಕಟ್ಟಿಕೊಂಡಿದ್ದವರು ಬಿಟ್ಟ ಹಾಗೆ, ಎಷ್ಟೋ ಹೊತ್ತು. ಬಣ್ಣಕ್ಕೆ ಬೆರೆಸುವ ಎಣ್ಣೆಯ ಘಾಟು ಕೆಳಗಿನವರೆಗೂ ಇಳಿಯಿತು.

"ಬೀಡಿ ಸೇದಾವರು ದೂರ ಹೋಗ್ರಿ," ಎಂದ ರೇವಣಸಿದ್ದ. ದನಿ ಎತ್ತಿರಲಿಲ್ಲ. ಆದರೂ ಮಂದಿ ರಸ್ತೆಯ ಆಚೆ ದಾಟಿತು.

ಬಷೀರಾ ಸೆರಗಿನ ತುದಿಯಿಂದ ಸುಣ್ಣದ ಗೆರೆಯನ್ನು ಉಜ್ಜಿದಳು. ಅದು ಬಣ್ಣದಡಿ ಹೂತು ಹೋಗಿತ್ತು, ಅಳಿಯಲಿಲ್ಲ.

"ಇನ್ನ ಮ್ಯಾಲ ನಿಮ್ಮ ಗೆರಿ ಇದ್ರೂ ನಾ ಬಡದ ನೋಡ್ತೀನಿ ಆಪಾ," ಎಂದ ರೇವಣಸಿದ್ದ, ಅವಳತ್ತ ನೋಡದೆ.

"ನೋಡಪಾ. ನೋಡಬೇಕು."

ಕೆಳಗಿಳಿದು ಅವಳು ಮೂರ್ತಿಯನ್ನು ಒಂದು ಸುತ್ತು ಹಾಕಿದಳು, ಮತ್ತೊಂದು ಸುತ್ತು ಹಾಕಿದಳು. ಆಮೇಲೆ ಅಶೋಕಕುಮಾರನ ಎದುರು ನಿಂತಳು.

"ಸಾಹೇಬ್ರ, ಟಾಂಕಿ ಮೂರಿದ್ವು. ಇಲ್ಲಿ ಒಂದs ಅದ."

ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ. "ಉಳಿದ್ವು ಮಾರಿದೆವಮ್ಮ. ಚಿಂಚೋಳಿ ಕಡೆ ಕೊಡ್ಲಿ ಊರಿನ ಸಾಬಣ್ಣ ಅಂತ, ಅಂವ ಒಯ್ದ. ಉದ್ದಕ ಎರಡು ಹೋಳ ಕೊಯ್ಸಿ ದನಕ್ಕ ನೀರಿನ ದೋಣಿ ಮಾಡಸ್ತೀನಿ ಅಂದ."

"ಯಾವಾಗ ಕೊಯ್ಸತಾನಂತ?"

"ಸಂಕ್ರಾಂತಿ ಆಗ್ಲಿ ಅಂದಿದ್ದ."

ಅವನೇ ಫೋನು ಹಚ್ಚಿದ. ಗಂಟೆ ಪೂರ್ತಿ ಹೊಡೆದು ನಿಂತಿತು. ಮತ್ತೆ ಹಚ್ಚಿದ. ಬಷೀರಾ ತನ್ನ ಬಲಗಿವಿಯನ್ನು ಆ ಫೋನಿಗೆ ಒತ್ತಿ ನಿಂತಳು. ಯಾರೂ ಎತ್ತಲಿಲ್ಲ.

ನಂಬರು ಬರೆಸಿಕೊಂಡು ಹೊರಟೆವು, ಚಿತ್ತಾಪುರದ ಬಸ್ಸು ಸಿಕ್ಕಿತು. ಅಲ್ಲಿಂದ ಕೊಡ್ಲಿಗೆ ಇನ್ನೊಂದು ಹಿಡಿಯಬೇಕು. ಅವಸರದಲ್ಲಿ ಅವಳು ಕಿಟಕಿಗೆ ಎಡಗಿವಿ ಕೊಟ್ಟು ಕೂತುಬಿಟ್ಟಿದ್ದಳು. ಹೊರಗೆ ಎರಡೂ ಬದಿ ತೊಗರಿ ಕೊಯ್ದ ಬಯಲು. ಮಡಿಲಲ್ಲಿ ಸುತ್ತಿಗೆ ಇತ್ತು, ಸುಣ್ಣದ ಡಬ್ಬಿ ಇರಲಿಲ್ಲ. ಪ್ರತಿ ಐದು ನಿಮಿಷಕ್ಕೆ ಫೋನು ಹಚ್ಚುತ್ತಿದ್ದಳು, ಪ್ರತಿ ಸಲ ನನ್ನತ್ತ ತಿರುಗುತ್ತಿದ್ದಳು.

"ಅಕ್ಕಾ, ಹೊರಗ ಏನರೇ ಸಪ್ಪಳ ಆಯ್ತೇನ್ರಿ?"

"ಇಲ್ಲವ್ವ," ಎನ್ನುತ್ತಿದ್ದೆ.