ಮೂರು ದಿನ ಬೆಂಚಿನ ಮೇಲೆ ಕೂತು ಆರಿಸಿದ ವಿಮೆ

ನಮ್ಮ ಮನೆಯವರು ಯಾರನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಹಾಲಿನ ಪೊಟ್ಟಣದ ಮೇಲಿನ ತಾರೀಖನ್ನು ಅಂಗಡಿಯಲ್ಲಿ ಓದುವರು, ಮನೆಗೆ ಬಂದು ಮತ್ತೆ ಓದುವರು. ಡ್ರೈವರನ್ನು ಕೇಳಿ ಬಸ್ಸು ಹತ್ತುವರು, ಹತ್ತಿದ ಮೇಲೆ ಪಕ್ಕದವರನ್ನು ಕೇಳುವರು. ಮದುವೆಗೆ ಮುಂಚೆ ನಮ್ಮಪ್ಪನನ್ನು ಕೇಳಿದ್ದು ಒಂದೇ ಮಾತು: "ಹುಡುಗಿ ತಾನಾಗೇ ಒಪ್ಪಿದಾಳೋ, ನೀವು ಒಪ್ಪಿಸಿದೀರೋ?" ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನಾನು ಆಮೇಲೆ ಒಪ್ಪಿದೆ. ಅಲ್ಲಿಯವರೆಗೆ ಒಪ್ಪಿರಲಿಲ್ಲ.

ಅವರು ಹೋಗಿ ಏಳು ತಿಂಗಳಾಯಿತು. ನಮಗೆ ಮಕ್ಕಳಿಲ್ಲ. ಅವರ ಬಗ್ಗೆ ಬರೆಯುವವಳು ನಾನೊಬ್ಬಳೇ. ಓದಿದ್ದು ನಾಲ್ಕನೇ ಕ್ಲಾಸು.

ಅವರ ಕೆಲಸ ಬಟ್ಟೆ ಕತ್ತರಿಸುವುದು. ಈ ಪರದೇಶಕ್ಕೆ ಬಂದ ಮೇಲೆ ಇಪ್ಪತ್ತೊಂಬತ್ತು ವರ್ಷ ಒಂದೇ ಕಾರ್ಖಾನೆ, ಒಂದೇ ಮೇಜು. ಆಸ್ಪತ್ರೆ, ಹೋಟೆಲುಗಳ ಯೂನಿಫಾರಂ ಅಲ್ಲಿ ತಯಾರಾಗುತ್ತಿತ್ತು. ನಲವತ್ತು ಪದರ ಬಟ್ಟೆ ಹಾಸಿ, ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಮಿಷನ್ನಿನಿಂದ ಒಂದೇ ಸಲ ಕತ್ತರಿಸಬೇಕು. ಗೆರೆ ತಪ್ಪಿದರೆ ನಲವತ್ತು ಕೋಟು ಹಾಳು. ಹೊಸ ಬಟ್ಟೆ ಬಂದರೆ ಒಂದು ಗೇಣು ತುಂಡನ್ನು ನೀರಲ್ಲಿ ನೆನೆಸಿ, ಒಣಗಿಸಿ, ಎಷ್ಟು ಕುಗ್ಗಿತು ಎಂದು ಅಳೆಯದೆ ಮಿಷನ್ನು ಮುಟ್ಟುತ್ತಿರಲಿಲ್ಲ.

"ಕುಗ್ಗಲ್ಲ ಅಂತ ಮಿಲ್ಲಿನವರೇ ಬರೆದು ಕಳಿಸಿದಾರಲ್ಲಯ್ಯ," ಎಂದು ಸೂಪರ್‌ವೈಸರ್ ರೇಗುತ್ತಿದ್ದ.

"ಬರೆದೋರು ತೊಟ್ಕೊಳ್ಳಲ್ಲ ಸಾರ್."

ಕಾರ್ಖಾನೆಯಲ್ಲಿ ಅವರಿಗೆ ನೆನೆಸೋ ಮಾವ ಎಂದೇ ಹೆಸರಾಯಿತು.

ಒಂದು ದಿನ ಕಾರ್ಖಾನೆಯವರು ವಯಸ್ಸಾಯಿತೆಂದು ಮನೆಗೆ ಕಳಿಸಿದರು. ಕೊಟ್ಟಿದ್ದ ಆಸ್ಪತ್ರೆ ಕಾರ್ಡು ಎರಡು ತಿಂಗಳಿಗೆ ನಿಲ್ಲುತ್ತದೆ ಎಂದರು. ಕಾರ್ಡಿಲ್ಲದಿದ್ದರೆ ಇಲ್ಲಿ ಆಸ್ಪತ್ರೆ ಬಾಗಿಲು ದಾಟುವುದು ಕಷ್ಟ. ಇವರಿಗೆ ಸಕ್ಕರೆ ಕಾಯಿಲೆ, ಎದೆಗೆ ಒಂದು ಸಲ ಸ್ಟೆಂಟ್ ಹಾಕಿದ್ದರು. ನನಗೆ ಮಂಡಿನೋವು. ಸ್ವಂತಕ್ಕೆ ವಿಮೆ ಕೊಳ್ಳಲೇಬೇಕಾಯಿತು.

ಸುದ್ದಿ ತಿಳಿದ ವಾರಕ್ಕೇ ವಿಮೆ ಏಜೆಂಟ್ ಬಂದ. ನಮ್ಮ ಭಾಷೆಯವನು. ಬಿಸಿಲಲ್ಲೂ ಟೈ ಕಟ್ಟುತ್ತಿದ್ದ. ಟೈ ತಮ್ಮ ಎಂದೇ ಎಲ್ಲರೂ ಕರೆಯುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಮನೆ ಹುಡುಗನ ಹಾಗೆ ಕೂತು, ಎರಡು ಸಲ ಚಹಾ ಕೇಳಿ ಕುಡಿದ. ನನಗೆ ಹೊಟ್ಟೆ ತಣ್ಣಗಾಯಿತು.

"ನೋಡಿ ಅತ್ತಿಗೆ, ಮೊದಲನೇ ದಿನದಿಂದ ಎಲ್ಲಾ ಕಾಯಿಲೆಗೂ ದುಡ್ಡು ಬರುತ್ತೆ. ಇಲ್ಲೊಂದು ಕಾಲಂ ಇದೆ, ಹಳೇ ಕಾಯಿಲೆ ಇದ್ಯಾ ಅಂತ. ಇಲ್ಲ ಅಂತ ಗೀಚಿಬಿಡಿ."

"ಇದೆಯಲ್ಲ ತಮ್ಮಾ," ಅಂದರು ಇವರು.

"ಅಯ್ಯೋ ಅಣ್ಣ, ಯಾರು ನೋಡ್ತಾರೆ? ಎಲ್ಲರೂ ಹಾಗೇ ಬರೆಯೋದು."

ಇವರು ಫಾರಂ ಮಡಿಸಿ ಪಕ್ಕಕ್ಕಿಟ್ಟರು. "ಸರಿ. ನಿನ್ನ ಕಾರ್ಡು ತೋರಿಸು."

"ನನ್ನದಾ?"

"ನಿನ್ನದೇ. ನಿನಗೆ ಜ್ವರ ಬಂದರೆ ಯಾವ ಕಾರ್ಡು ತಗೊಂಡು ಹೋಗ್ತೀಯ?"

ಅವನು ನಕ್ಕ, ಜೇಬು ತಡಕಿದ, ಮನೆಯಲ್ಲಿ ಬಿಟ್ಟೆ ಎಂದ. ಪರ್ಸಿನ ಬಾಯಿಯಲ್ಲಿ ಕಾರ್ಡಿನ ಅಂಚು ಕಾಣುತ್ತಿತ್ತು. ಕಂದು ಬಣ್ಣ. ಅವನು ಮಾರುತ್ತಿದ್ದ ಕಂಪನಿಯದು ನೀಲಿ.

ಅವನು ಹೋದ ಮೇಲೆ ಜಗಳವಾಯಿತು. "ನಮ್ಮೋನು ಅಂತ ಒಬ್ಬ ಬಂದರೆ ಅವನನ್ನೂ ಪೊಲೀಸಿನ ಹಾಗೆ ಕೇಳ್ತೀರಲ್ರೀ!"

"ನಮ್ಮೋನಾದ್ರೆ ಸುಳ್ಳು ಬರೀರಿ ಅಂತಿದ್ನೇನೆ?"

ಮರುದಿನ ಬೆಳಿಗ್ಗೆ ಡಬ್ಬಿಗೆ ಊಟ ಹಾಕಿಸಿಕೊಂಡು, ಕೆಲಸಕ್ಕೆ ಹೋಗುವವರ ಹಾಗೆ ಹೊರಟರು. ಹೋದದ್ದು ದೊಡ್ಡಾಸ್ಪತ್ರೆಯ ಬಿಲ್ಲಿನ ಕಿಟಕಿಗೆ. ಅಲ್ಲಿ ಕೂರುವ ಹೆಂಗಸಿನ ಮೈಮೇಲಿದ್ದದ್ದು ಇವರ ಕಾರ್ಖಾನೆಯ ಯೂನಿಫಾರಂ. ಅದನ್ನೇ ಹೇಳಿ ಮಾತಿಗೆ ಶುರುಮಾಡಿದರಂತೆ.

"ಓ, ಈ ಜೇಬು ನೀವು ಕತ್ತರಿಸಿದ್ದಾ? ಬಗ್ಗಿದರೆ ಪೆನ್ನು ಬೀಳುತ್ತೆ."

"ಜೇಬು ನಂದಲ್ಲಮ್ಮ, ತೋಳು ನಂದು. ತೋಳು ಹೇಗಿದೆ?"

ತೋಳು ಚೆನ್ನಾಗಿದೆ ಎಂದಳಂತೆ. ಯಾವ ಕಂಪನಿ ಒಳ್ಳೆಯದು ಎಂದು ಕೇಳಿದರೆ ಹೇಳಲಿಲ್ಲ. "ಹೇಳಿದರೆ ನನ್ನ ಕೆಲಸ ಹೋಗುತ್ತೆ. ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಕೂರೋಕೆ ಯಾರೂ ಬೇಡ ಅನ್ನಲ್ಲ."

ಮೂರು ದಿನ ಕೂತರು. ಕಾಗದದ ಮೇಲೆ ಗೆರೆ ಹಾಕಿ, ಯಾವ ಬಣ್ಣದ ಕಾರ್ಡಿನವರು ಎಷ್ಟು ಹೊತ್ತು ಕಾದರು ಎಂದು ಗುರುತು ಮಾಡಿಕೊಂಡರು. ನೀಲಿ ಕಾರ್ಡಿನವರು ಮಧ್ಯಾಹ್ನದವರೆಗೆ ಕಾಯುತ್ತಿದ್ದರು. ಒಬ್ಬ ಮುದುಕ ಅಲ್ಲೇ ನಿದ್ದೆಹೋಗಿದ್ದನಂತೆ, ಅವನನ್ನು ಎಬ್ಬಿಸಿ, ಕಂಪನಿ ಒಪ್ಪಲಿಲ್ಲ ಎಂದು ಮನೆಗೆ ಕಳಿಸಿದರು. ಕಂದು ಕಾರ್ಡಿನವರು ಬರುತ್ತಿದ್ದರು, ಒಳಗೆ ಹೋಗುತ್ತಿದ್ದರು.

"ಬಣ್ಣ ನೋಡಿ ಆರಿಸೋಕೆ ಅದೇನು ಕಿಟಕಿ ಪರದೆನಾ?" ಅಂದೆ.

"ನೆನೆಸಿ ನೋಡಿದೆ ಕಣೆ. ನೀಲಿ ಕುಗ್ಗುತ್ತೆ."

ಕಂದು ಕಂಪನಿಯ ಆಫೀಸಿಗೆ ಇಬ್ಬರೂ ಹೋದೆವು. ಅಲ್ಲಿನ ಹುಡುಗಿ ನಗಲೂ ಇಲ್ಲ, ಚಹಾ ಕೊಡಲೂ ಇಲ್ಲ. ಸಕ್ಕರೆಗೂ ಎದೆಗೂ ಎರಡು ವರ್ಷ ಏನೂ ಕೊಡಲ್ಲ, ಬೇರೆ ಕಾಯಿಲೆಗೆ ಮೂರು ತಿಂಗಳಾದ ಮೇಲೆ ಕೊಡ್ತೀವಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ನನಗೆ ಸಿಟ್ಟು ಬಂತು. ಇವರಿಗೆ ಖುಷಿಯಾಯಿತು. ಹಳೇ ಕಾಯಿಲೆಯ ಕಾಲಂ ತುಂಬಿಸಲು ಕೂತರು. ಸಕ್ಕರೆ, ಸ್ಟೆಂಟ್, ಚಿಕ್ಕಂದಿನ ವಿಷಮಶೀತಜ್ವರ, ಮಿಷನ್ನಿಗೆ ಸಿಕ್ಕಿದ್ದ ಹೆಬ್ಬೆರಳು. ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದರು.

"ನೆಗಡಿ ಬರೆಯೋದು ಬೇಡ ತಾತ," ಅಂದಳು ಹುಡುಗಿ. ಅವಳು ನಕ್ಕಿದ್ದು ಆಗ ಮಾತ್ರ.

ವಿಮೆ ಮಾಡಿಸಿದ ಹತ್ತನೇ ತಿಂಗಳು ಇವರಿಗೆ ಹೊಟ್ಟೆನೋವು ಶುರುವಾಯಿತು. ತಿಂದದ್ದು ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಕರುಳಲ್ಲಿ ಗಡ್ಡೆ ಇದೆ, ವಾರದೊಳಗೆ ಆಪರೇಷನ್ ಆಗಬೇಕು ಎಂದರು. ಕಂದು ಕಾರ್ಡು ಕೊಟ್ಟೆ. ಕಿಟಕಿಯ ಹೆಂಗಸು ಕಂಪ್ಯೂಟರ್ ನೋಡಿದಳು, ಮತ್ತೆ ನೋಡಿದಳು.

"ಅಮ್ಮ, ಕಂಪನಿ ತಡೆ ಹಿಡಿದಿದೆ. ವಯಸ್ಸಲ್ಲಿ ಅನುಮಾನ ಅಂತೆ."

ತಪ್ಪು ಇವರದ್ದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಇವರ ವಯಸ್ಸನ್ನು ಎರಡು ವರ್ಷ ಕಡಿಮೆ ಬರೆದುಕೊಂಡಿದ್ದರು. ನಮ್ಮ ಕಾಲದಲ್ಲಿ ಅರ್ಧ ಊರಿಗೇ ಹಾಗೆ. ಪಾಸ್‌ಪೋರ್ಟಿನಲ್ಲಿ ಇರುವುದು ಆ ಶಾಲೆಯ ತಾರೀಖು, ಆಸ್ಪತ್ರೆಯವರು ಬರೆದುಕೊಂಡದ್ದೂ ಅದನ್ನೇ. ವಿಮೆಯ ಫಾರಂ ತುಂಬಿಸುವಾಗ, ಇನ್ನೊಂದು ಸುಳ್ಳು ಯಾಕೆ ಎಂದು, ಅವರಮ್ಮ ಹೇಳಿದ್ದ ನಿಜವಾದ ತಾರೀಖನ್ನು ಬರೆದುಬಿಟ್ಟಿದ್ದರು. ಕಂಪನಿಗೆ ಈಗ ಇಬ್ಬರು ಮನುಷ್ಯರು ಕಂಡಿದ್ದರು. ವಿಮೆ ಮಾಡಿಸಿದವನು ಒಬ್ಬ, ಹಾಸಿಗೆ ಮೇಲೆ ಮಲಗಿದವನು ಇನ್ನೊಬ್ಬ.

ಟೈ ತಮ್ಮ ಆಸ್ಪತ್ರೆಗೆ ಬಂದ. "ನಾನು ಹೇಳಿದ ಹಾಗೆ ಕೇಳಿದ್ದರೆ ಹೀಗಾಗ್ತಿತ್ತಾ ಅತ್ತಿಗೆ?" ಎಂದ. ಅವನ ಮಾತೇ ಸರಿಯಿರಬಹುದು ಎಂದು ನನ್ನ ಮನಸ್ಸಿಗೂ ಬಂತು. ಅದನ್ನು ಮುಚ್ಚಿಡುವುದಿಲ್ಲ. ನಿಜ ಬರೆದು ಸಾಯಬೇಕಾ ಎಂದು ಇವರ ಮೇಲೂ ಸಿಟ್ಟು ಬಂತು.

ಮೂರನೇ ದಿನ ಕಂಪನಿಯಿಂದ ಒಬ್ಬಳು ವಿಚಾರಿಸಲು ಬಂದಳು. ಇವರು ಮೂಗಿನಲ್ಲಿ ನಳಿಗೆ ಇಟ್ಟುಕೊಂಡು ಮಲಗಿದ್ದರು.

"ಮೊದಲು ನಿಮ್ಮ ಗುರುತಿನ ಚೀಟಿ ತೋರಿಸಿ," ಅಂದರು.

ತೋರಿಸಿದಳು. ಫೋಟೋ ನೋಡಿ, ಮುಖ ನೋಡಿ, "ಇದರಲ್ಲಿ ಕೂದಲು ಉದ್ದ ಇದೆ," ಅಂದರು.

"ಕತ್ತರಿಸಿಕೊಂಡೆ."

"ಯಾವಾಗ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಇವರು ಮೇಷ್ಟ್ರ ಕಥೆ ಹೇಳಿದರು. ಅವಳು ಬರೆದುಕೊಂಡಳು. ಹೆಬ್ಬೆರಳು ತೋರಿಸಿ ಎಂದಳು. ತೋರಿಸಿದರು. ಫಾರಂನಲ್ಲಿದ್ದ ಗಾಯ ಅಲ್ಲೇ ಇತ್ತು. ಅಂಟಿಸಿದ ಹಾಳೆಯನ್ನು ಎದೆಯ ಹಳೇ ಆಸ್ಪತ್ರೆ ಚೀಟಿಗಳ ಜೊತೆ ಸಾಲು ಸಾಲಾಗಿ ಹೋಲಿಸಿದಳು. ಒಂದು ಗಂಟೆ ಹಿಡಿಯಿತು.

"ಇಷ್ಟೆಲ್ಲ ಬರೆದವರನ್ನ ನಾನು ನೋಡಿಲ್ಲ," ಎಂದು ಎದ್ದಳು. ಆಗುತ್ತೆ ಎಂದೂ ಹೇಳಲಿಲ್ಲ, ಆಗಲ್ಲ ಎಂದೂ ಹೇಳಲಿಲ್ಲ.

ಐದನೇ ದಿನ ಬೆಳಿಗ್ಗೆ ಒಪ್ಪಿಗೆ ಬಂತು. ಈ ದೇಶದ ಭಾಷೆಯಲ್ಲಿ ಮೂರು ಪುಟ. ಸಹಿ ಹಾಕಿದರೆ ಹತ್ತು ಗಂಟೆಗೆ ಆಪರೇಷನ್. ಗಾಲಿ ಮಂಚ ತಳ್ಳುವವನು ಬಂದು ನಿಂತ. ಇವರು ಕನ್ನಡಕ ಕೇಳಿದರು.

"ಬೇಗ ಸಹಿ ಹಾಕ್ರೀ, ಡಾಕ್ಟರು ಕಾಯ್ತಿದಾರೆ."

"ಕಾಯಲಿ."

ಮೊದಲನೇ ಪುಟ ಬೆರಳಿಟ್ಟು ಓದಿದರು. ಎರಡನೆಯದನ್ನು ಅರ್ಧ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೇಗೋ ಮುಗಿಸಿದರು. ಮೂರನೆಯದನ್ನು ನನ್ನ ಕೈಗಿಟ್ಟರು.

"ಇದನ್ನ ನೀನು ಓದೇ. ನೀನು ಸರಿ ಅಂದರೆ ಸರಿ."

ನನಗೆ ಈ ದೇಶದ ಅಕ್ಷರ ಬರುವುದಿಲ್ಲ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದವಳು ನಾನು, ಮಾತು ಕಲಿತೆ, ಓದು ಕಲಿಯಲಿಲ್ಲ. ಅದು ಅವರಿಗೆ ಗೊತ್ತಿತ್ತು. ನೋವಿನ ಮದ್ದಿನಲ್ಲಿ ಮರೆತರೋ, ಬೇಕೆಂದೇ ಕೊಟ್ಟರೋ, ಕೇಳಲು ಆಗಲಿಲ್ಲ. ಅವರ ಹಾಗೆಯೇ ಬೆರಳಿಟ್ಟು, ಸಾಲಿನ ಮೇಲೆ ಸಾಲು, ಕೊನೆಯವರೆಗೆ ಬಂದೆ.

"ಎಲ್ಲ ಸರಿಯಾಗಿದೆ ರೀ."

ಸಹಿ ಹಾಕಿದರು.

ಆಪರೇಷನ್ ಆಯಿತು. ಅದಾದ ಆರನೇ ದಿನ ರಕ್ತಕ್ಕೆ ನಂಜೇರಿ ಹೋದರು. ಕಂಪನಿ ಆಸ್ಪತ್ರೆಗೆ ಕೊಡಬೇಕಾದದ್ದೆಲ್ಲ ಕೊಟ್ಟಿತು, ನನ್ನನ್ನು ಏನೂ ಕೇಳಲಿಲ್ಲ. ಆದರೂ ಮೂರನೇ ಪುಟ ನನಗೆ ನಿದ್ದೆ ಕೊಡಲಿಲ್ಲ. ಇಷ್ಟು ದುಡ್ಡು ಬಿಟ್ಟರೆ ಹೆಚ್ಚಿಗೆ ಕೊಡಲ್ಲ, ಇಂಥ ಡಾಕ್ಟರು ಬೇಡ, ಇಂಥ ಮದ್ದು ಬೇಡ ಎಂದು ಅದರಲ್ಲಿದ್ದರೆ? ನಾನು ಸರಿ ಅಂದದ್ದಕ್ಕೇ ಅವರು ಹೋದರೆ?

ನಮಗೆ ಕೊಟ್ಟಿದ್ದ ಆ ಪುಟದ ಪ್ರತಿಯನ್ನು ಎರಡು ತಿಂಗಳು ಕಪಾಟಿನಲ್ಲಿಟ್ಟಿದ್ದೆ. ಒಂದು ಬೆಳಿಗ್ಗೆ ಕೈಚೀಲಕ್ಕೆ ಹಾಕಿಕೊಂಡು ಬಿಲ್ಲಿನ ಕಿಟಕಿಗೆ ಹೋದೆ. ಸಾಲು ಕರಗುವವರೆಗೆ ನಿಂತೆ.

"ಇದನ್ನ ಓದಮ್ಮ. ಸಣ್ಣ ಅಕ್ಷರ ಬಿಡಬೇಡ."

ಅವಳು ಓದಿದಳು. ಕೋಣೆಯಲ್ಲಿ ಟೀವಿ ಬೇಕಿದ್ದರೆ ದುಡ್ಡು ರೋಗಿಯೇ ಕಟ್ಟಬೇಕು. ನೋಡಲು ಬರುವವರ ಊಟ ಕಂಪನಿ ಕೊಡುವುದಿಲ್ಲ. ದೂರು ಇದ್ದರೆ ಈ ನಂಬರಿಗೆ ಫೋನ್ ಮಾಡಿ.

"ಅಷ್ಟೇನಾ?"

"ಅಷ್ಟೇ ಅಮ್ಮ."

ಅವಳ ಮುಖ ನೋಡಿದೆ. ನನಗೆ ನೋವಾಗಬಾರದು ಅಂತ ಏನಾದರೂ ಬಿಟ್ಟಿದ್ದಾಳಾ ಎಂದು ನೋಡಿದೆ. ಗೊತ್ತಾಗಲಿಲ್ಲ.

"ಇನ್ನೊಂದು ಸಲ ಓದು," ಅಂದೆ.