ಟ್ಯಾಂಕಿನ ಬಾಯಲ್ಲಿ ಯಾರೂ ಇರಲಿಲ್ಲ

ದೆವ್ವ, ಭೂತ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಚರಂಡಿ ನೀರಿನ ಟ್ಯಾಂಕುಗಳನ್ನು ರಿಪೇರಿ ಮಾಡುವ ಕೆಲಸ ನನ್ನದು. ಕತ್ತಲೆ, ಗುಂಡಿ, ಒಂಟಿತನ ನಮಗೆ ದಿನಾ ಇರುವುದೇ. ಅಲ್ಲಿ ಹೆದರಬೇಕಾದದ್ದು ಗ್ಯಾಸಿಗೆ ಮಾತ್ರ ಎಂದು ಹೊಸಬರಿಗೆ ನಾನೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಆದರೆ ಮುಂಬಯಿಯ ಪವಾಯಿಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಶಂಕರ ಮತ್ತು ನಾನು ವಿಜಯಪುರದ ಕಡೆಯವರು. ಮುಂಬಯಿಗೆ ಬಂದ ಹೊಸದರಲ್ಲಿ ಪರೇಲಿನ ಚಾಳಿನಲ್ಲಿ ಒಂದೇ ಖೋಲಿಯಲ್ಲಿದ್ದೆವು. ನನಗೆ ಕಾಮಾಲೆಯಾದಾಗ ಗಂಜಿ ಕಾಸಿ ಕುಡಿಸಿದವನು ಅವನು. ಕೆಲಸದಲ್ಲೂ ನಾವು ಜೋಡಿ. ಒಬ್ಬ ಒಳಗಿಳಿದರೆ ಇನ್ನೊಬ್ಬ ಮೇಲೆ ಕಾಯುತ್ತಿದ್ದ.

ಆ ದಿನ ಒಂದು ದೊಡ್ಡ ಬಿಲ್ಡಿಂಗಿನ ನೆಲದಡಿಯ ಟ್ಯಾಂಕಿನಲ್ಲಿ ಪಂಪು ಕಟ್ಟಿಕೊಂಡಿತ್ತು. ಇಂಥ ಕಡೆ ಮೊದಲು ಮುಚ್ಚಳ ತೆಗೆದು ಬ್ಲೋವರಿನಿಂದ ಗಾಳಿ ಊದಬೇಕು. ಆಮೇಲೆ ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ನೋಡಬೇಕು. ಇಳಿಯುವವನ ಎದೆಗೆ ಬಿಗಿದ ಬೆಲ್ಟಿನ ಹಗ್ಗವನ್ನು ಟ್ಯಾಂಕಿನ ಬಾಯಿಯ ಮೇಲಿನ ರಾಟೆಗೆ ಸುತ್ತಿರುತ್ತೇವೆ. ರಾಟೆಯ ಹಿಡಿ ತಿರುಗಿಸುವವನು ಏನೇ ಆದರೂ ಅಲ್ಲಿಂದ ಕದಲಬಾರದು.

ನಾನು ಬೆಲ್ಟು, ಗವಸು ಹಾಕಿಕೊಂಡು ಬರುವಷ್ಟರಲ್ಲಿ ಶಂಕರ, “ಮೂರೂ ಕಡೆ ಮೀಟರ್ ಬಿಟ್ಟು ನೋಡೇನಪಾ. ಏನೂ ಇಲ್ಲ, ಇಳಿ” ಎಂದ.

ಇಳಿದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬಂತು. ತುಸು ಕೆಳಗೆ ಹೋದಂತೆ ಅದು ಪೂರ್ತಿ ನಿಂತುಹೋಯಿತು. ಅದರ ಅರ್ಥ ನಮ್ಮ ಕೆಲಸದವರಿಗೆ ಗೊತ್ತು. ಗ್ಯಾಸು ಹೋಗಿರುವುದಿಲ್ಲ, ಇನ್ನಷ್ಟು ಹೆಚ್ಚಿ ಮೂಗನ್ನೇ ಕೊಂದಿರುತ್ತದೆ. ಶಂಕರನನ್ನು ಕೂಗಲು ಹೋದೆ, ದನಿ ಹೊರಡಲಿಲ್ಲ. ಏಣಿ ಹಿಡಿದ ಕೈ ಸಡಿಲಿತು.

ಅಷ್ಟರಲ್ಲಿ ಬೆಲ್ಟು ಬಿಗಿಯಿತು. ಮೇಲೆ ರಾಟೆ ಕಟಕಟ ಎನ್ನುತ್ತಿತ್ತು. ದಣಿದವನು ಉಸಿರು ತೆಗೆದುಕೊಂಡು ಮತ್ತೆ ತಿರುಗಿಸುವ ಹಾಗೆ ನಡುನಡುವೆ ನಿಲ್ಲುತ್ತಿತ್ತು. ತೂಗಾಡುತ್ತ ಬೆಳಕಿಗೆ ಬಂದೆ. ಯಾರೋ ನನ್ನನ್ನು ಬದಿಗೆಳೆದು ಕಾಂಕ್ರೀಟಿನ ಮೇಲೆ ಮಲಗಿಸಿದರು. ಕಣ್ಣು ಬಿಟ್ಟಾಗ ಅಲ್ಲಿ ಯಾರೂ ಇರಲಿಲ್ಲ.

ಕೆಮ್ಮುತ್ತ ಎದ್ದು ಕುಳಿತೆ. ರಾಟೆಯ ಹಿಡಿಯ ಮೇಲೆ ಕಪ್ಪು ಕೆಸರಿನ ಬೆರಳಗುರುತುಗಳು ಇನ್ನೂ ಹಸಿಯಾಗಿದ್ದವು. ನಾನು ತಳದ ಕೆಸರಿನವರೆಗೆ ಇಳಿದೇ ಇರಲಿಲ್ಲ. ಗೇಟಿನ ವಾಚ್‌ಮನ್ ಓಡಿ ಬಂದ. ಎಳೆದವನು ಇವನೇ ಇರಬೇಕೆಂದುಕೊಂಡೆ. ಅವನ ಕೈಗಳು ಶುಭ್ರವಾಗಿದ್ದವು. ಶಂಕರ ಎಲ್ಲಿ ಎಂದು ಕೇಳಿದೆ. “ಶಂಕರ್ ಭಾಯ್ ತೋ ಮ್ಯಾನೇಜರ್ ಕೆ ಸಾಥ್ ಚಾಯ್ ಪೀ ರಹಾ ಹೈ” ಎಂದ. ಕಾಯಬೇಕಾದವನು ರಾಟೆ ಬಿಟ್ಟು ಮ್ಯಾನೇಜರನ ಜೊತೆ ಚಹಾ ಕುಡಿಯುತ್ತಿದ್ದ.

ಪಕ್ಕದಲ್ಲಿದ್ದ ನಮ್ಮ ಸಾಮಾನಿನ ಚೀಲ ತೆರೆದೆ. ಮೀಟರು ಕವರಿನೊಳಗೇ ಇತ್ತು. ಬಟನ್ ಒತ್ತಿದೆ, ದೀಪವೂ ಹತ್ತಲಿಲ್ಲ. ಆ ಹೊತ್ತಿಗೆ ಬಂದ ಶಂಕರ ಅದನ್ನು ನೋಡಿ ಬಿಳಿಚಿಕೊಂಡ.

“ಕೆಟ್ಟು ಭಾಳ ದಿನಾ ಆತೋ. ಹೇಳಿದ್ರ ಕೆಲಸ ನಿಲ್ತಿತ್ತು. ಏನೂ ಆಗೂದಿಲ್ಲ ಅನ್ಕೊಂಡೆ.”

“ಯಾರಿಗೆ ಏನೂ ಆಗೂದಿಲ್ಲ?” ಎಂದೆ.

ನಾನು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಅವನು ನಮ್ಮ ಕಂಪನಿಯ ಮಾಲೀಕರಿಗೆ ಬೇರೆಯೇ ಕಥೆ ಹೇಳಿದ್ದ: “ನಾ ಬ್ಯಾಡ ಅಂದೆ, ಕೇಳದ ಇಳದ. ನಾನೇ ಎಳದು ಉಳಿಸೀನಿ.” ಮಾಲೀಕರು ಅವನ ಬೆನ್ನು ತಟ್ಟಿ ನನ್ನನ್ನು ಕೆಲಸದಿಂದ ತೆಗೆದರು. ನನ್ನ ಹೆಂಡತಿ ವಾರ್ಡಿನ ಬಾಗಿಲಲ್ಲಿ ಅವನಿಗೆ ಕೈಮುಗಿದು ಅತ್ತಳು. ಅವನು ಬೇಡವೆನ್ನಲಿಲ್ಲ. ಗ್ಯಾಸು ಕುಡಿದದ್ದಕ್ಕಿಂತ ಅದು ಹೆಚ್ಚು ಸುಟ್ಟಿತು.

ವರ್ಷಗಳ ಮೇಲೆ, ನಾನು ಬೇರೆ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದಾಗ, ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದ. ಬಹಳ ಸೊರಗಿದ್ದ. ಹೆಂಡತಿ ಒಳಗೆ ಹೋದದ್ದೇ ತಡ, ದನಿ ತಗ್ಗಿಸಿ, “ಖರೇ ಹೇಳು, ಅವತ್ತ ನಿನ್ನ ಎಳದವ್ರು ಯಾರು?” ಎಂದು ಕೇಳಿದ.

“ಗೊತ್ತಿಲ್ಲ. ನೀ ಅಂತೂ ಅಲ್ಲ.”

ಹೆಂಡತಿ ಚಹಾದ ಜೊತೆಗೆ ಅವನಿಗೆಂದೇ ಬಿಸಿ ಉಪ್ಪಿಟ್ಟು ತಂದಿಟ್ಟು, “ತಿನ್ರಿ ಅಣ್ಣಾ” ಎಂದು ಒತ್ತಾಯ ಮಾಡಿದಳು. ಅವಳ ಪಾಲಿಗೆ ನನ್ನನ್ನು ಉಳಿಸಿದವನು ಇವತ್ತಿಗೂ ಅವನೇ. ಅವನಲ್ಲ ಎಂದರೆ ಮತ್ತಾರು ಎಂದು ಕೇಳುತ್ತಾಳೆ. ರಾಟೆಯ ಮೇಲಿನ ಕೆಸರಿನ ಬೆರಳಗುರುತುಗಳ ಮಾತನ್ನು ಅವಳಿಗೂ ಹೇಳಿಲ್ಲ.